ಮೂತಿಯೊಳಗಿನ ಸೀಸ

ತಮ್ಮಾ,

ನೀನು ತೀರಿಕೊಂಡು ಎರಡು ವರ್ಷವಾಗಿದೆ. ಆದಕಾರಣ ಲಕೋಟೆಯ ಮೇಲೆ ವಿಳಾಸ ಬರೆದಿಲ್ಲ. ಆದರೂ ವರದಿ ಒಪ್ಪಿಸಬೇಕಾಗಿದೆ.

ನಾವಿಬ್ಬರೂ ಕಟ್ಟಿದ, ರೇಡಿಯೊದಿಂದ ಹಾರಿಸುವ ಜೋಡಿರೆಕ್ಕೆಯ ಮಾದರಿ ವಿಮಾನಕ್ಕೆ ಈ ವಾರ ವಿದ್ಯುತ್ ಮೋಟಾರು ಜೋಡಿಸಿದೆ. ಹೊಗೆಯುಗುಳುವ ಹಳೆಯ ಎಂಜಿನ್ನನ್ನು ಬಿಚ್ಚಿದಾಗ, ಅದರ ಹಿಂದೆ, ಮೂತಿಯೊಳಗೆ ಅಂಟಿಸಿದ್ದ ಸೀಸದ ತುಂಡೊಂದು ಸಿಕ್ಕಿತು. ತೂಗಿದೆ: ನೂರ ಹತ್ತು ಗ್ರಾಂ.

ಮೊದಲ ಹಾರಾಟದ ಹಿಂದಿನ ದಿನ ನೀನು, "ಅಣ್ಣ, ಮೂತಿ ಹಗುರ ಆಯ್ತೇನೋ" ಎಂದಿದ್ದೆ. "ಲೆಕ್ಕ ನನ್ನದು. ನೀನು ಅಂಟು ಹಚ್ಚು, ಸಾಕು" ಎಂದು ನಿನ್ನ ಗೆಳೆಯರೆದುರೇ ನಾನು ಬಾಯಿ ಮುಚ್ಚಿಸಿದ್ದೆ. ವಿಮಾನ ಸೊಗಸಾಗಿ ಹಾರಿತು. ಇಪ್ಪತ್ತು ವರ್ಷ ಆ ಲೆಕ್ಕವನ್ನು ಕಂಡಕಂಡವರಿಗೆಲ್ಲ ವಿವರಿಸಿದೆ. ನೀನು ಪಕ್ಕದಲ್ಲೇ ಕುಳಿತು ತಲೆಯಾಡಿಸುತ್ತಿದ್ದೆ.

ಹಳೆಯ ಹಾಳೆ ಹುಡುಕಿ ತೆಗೆದೆ. ಬಾಲದ ತೂಕವನ್ನು ಸೇರಿಸಲು ಮರೆತಿದ್ದೆ; ಮೂತಿಗೆ ಸರಿಯಾಗಿ ನೂರ ಹತ್ತು ಗ್ರಾಂ ಕಡಿಮೆ ಬಿದ್ದಿತ್ತು. ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿ, ನಿನ್ನಂತೆಯೇ ರೆಕ್ಕೆಯಡಿ ಎರಡು ಬೆರಳಿಟ್ಟು ತೂಗಿ ನೋಡಿ, ಸೀಸವಿದ್ದ ಜಾಗದಲ್ಲಿ ಬ್ಯಾಟರಿಯನ್ನು ಕೂರಿಸಿದೆ.

ಇಂದು ಬೆಳಿಗ್ಗೆ ಮೈದಾನದಲ್ಲಿ ನಿನ್ನ ಅತ್ತಿಗೆ, "ಸದ್ದೇ ಇಲ್ವಲ್ಲ ಮೇಷ್ಟ್ರೇ, ಇದು ವಿಮಾನವೋ ಟೇಬಲ್ ಫ್ಯಾನೋ?" ಎಂದಳು.

"ಹಾರಿದ ಮೇಲೆ ಮಾತಾಡು" ಎಂದೆ.

ಏಳು ನಿಮಿಷ ಹಾರಿತು. ಇಳಿಯುವಾಗ ಹುಲ್ಲೂ ಬಾಗಲಿಲ್ಲ. ನಮ್ಮ ಮಾದರಿ ವಿಮಾನ ಕ್ಲಬ್ಬಿನ ಕಾರ್ಯದರ್ಶಿ ಬಂದು, "ತೂಕ ಕರಾರುವಾಕ್ಕಾಗಿದೆ ಸಾರ್. ಎಷ್ಟಾದ್ರೂ ನಿಮ್ಮ ಲೆಕ್ಕ ಅಲ್ವಾ?" ಎಂದರು.

"ಅಲ್ಲ, ನನ್ನ ತಮ್ಮನದು" ಎಂದೆ. ನಿನ್ನ ಅತ್ತಿಗೆ ನನ್ನ ಮುಖವನ್ನೇ ನೋಡಿದಳು.

ಕಿಟಕಿಯಿಂದ ಗಾಳಿ ಬರುತ್ತಿದೆ. ಈ ಹಾಳೆ ಹಾರಿಹೋಗದಂತೆ ನಿನ್ನ ಸೀಸವನ್ನೇ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.

ನಿನ್ನ ಅಣ್ಣ