ರಿಟರ್ನ್ ಟಿಕೆಟ್ಟಿನ ಮಿನಿಸ್ಟರ್

೨೯ ಜನವರಿ ೧೯೬೨, ಸೋಮವಾರ. ಬೆಳಿಗ್ಗೆ

ಕಾಫಿ ಆಯಿತು. ಮಾತ್ರೆ ಆಯಿತು. ದಿವಾನ್ ಕಾಟಿನ ಮೇಲೆ ಕಾಲು ಚಾಚಿದ್ದೂ ಆಯಿತು. ಮೈಸೂರಿನ ದಿವಾನರ ಕಾಲ ಮುಗಿಯಿತು, ಈಗ ದಿವಾನಿನ ಮೇಲೆ ಕಾಲು. ದೀಪಾವಳಿಯ ದಿನ ಬಚ್ಚಲಲ್ಲಿ ಜಾರಿದ್ದೇ ಜಾರಿದ್ದು, ಅಂದಿನಿಂದ ಮೊಣಕಾಲು ಮಡಚದು. ಕಾಲ ಓಡುತ್ತದೆ, ಕಾಲು ಓಡುವುದಿಲ್ಲ. ಬಸ್ಸು, ರೈಲು ಹತ್ತಕೂಡದೆಂದು ಡಾಕ್ಟರ ಆಜ್ಞೆ. ಕೋಲೂರಿಕೊಂಡು ಬೀದಿ ಕೊನೆಯ ಕ್ವಾರ್ಟರ್ಸ್ ಸಂಘದ ಹಾಲ್‌ವರೆಗೆ — ಅಷ್ಟಕ್ಕೆ ಪರ್ಮಿಷನ್.

ಪೇಪರ್ ಓದುತ್ತಿದ್ದವನು ಕಿಟಕಿಯಿಂದ ಕೂಗಿದೆ: "ಮಿನಿಸ್ಟರ್ ಆಫ್ ಸ್ಟೇಟ್‌ನ ಕಿತ್ತು ಹಾಕಿದ್ರಂತೆ ಕಣ್ರೋ. ರಾತ್ರೋರಾತ್ರಿ."

ಎಲೆಕ್ಷನ್ ಹತ್ತಿರ. ಕೇಳಬೇಕೆ? ಎದುರುಮನೆ ವೀರಮ್ಮ ನಲ್ಲಿಯ ಕೆಳಗೆ ಕೊಡ ಬಿಟ್ಟು ಓಡಿಬಂದಳು. ಶಿಫ್ಟಿಗೆ ಹೊರಟವರು ಸೈಕಲ್ ನಿಲ್ಲಿಸಿದರು. "ಬೆಂಗಳೂರಲ್ಲಾ, ದಿಲ್ಲೀಲಾ?" "ನಮ್ ಜಿಲ್ಲೆಯೋರಾ?" ಸುದ್ದಿ ಕಾರ್ಖಾನೆಯ ಗೇಟು ಮುಟ್ಟಿ, ಅಲ್ಲಿ ಮೈ ಕೈ ತುಂಬಿಕೊಂಡು, "ಸರ್ಕಾರವೇ ಬಿತ್ತಂತೆ" ಎಂದು ನನ್ನ ಕಿಟಕಿಗೇ ವಾಪಸ್ ಬಂತು.

ಆಗ ಒಪ್ಪಿಕೊಂಡೆ. ಹೋದದ್ದು ಮೊನಾಕೊ ದೇಶದ ಮಿನಿಸ್ಟರ್. ಫ್ರಾನ್ಸಿನ ಕಂಕುಳಲ್ಲಿರುವ ರಾಜ್ಯ, ಒಂದು ಚದರ ಮೈಲಿಯೂ ಇಲ್ಲ. ನಮ್ಮಲ್ಲಿ ಮಿನಿಸ್ಟರ್ ಆಫ್ ಸ್ಟೇಟ್ ಎಂದರೆ ಅರ್ಧ ಮಂತ್ರಿ. ಅಲ್ಲಿ ಅವನೇ ಸರ್ಕಾರದ ಯಜಮಾನ. ರಾಜನಿಗೂ ಅವನಿಗೂ ಜಗಳವಾಯಿತು, ರಾಜ ಓಡಿಸಿದ.

ವೀರಮ್ಮ ತುಂಬಿ ಹರಿದ ಕೊಡ ನೋಡುತ್ತ ನಿಂತಳು. "ಅಲ್ಲ ಅಜ್ಜಾ, ಯಾವ್ದೋ ಮೊನಾಕೊಗೆ ನಮ್ ನೀರು ಯಾಕೆ ಹೋಗ್ಬೇಕು?"

"ಬೀದೀಲಿ ಎಲ್ರೂ ಸುಮ್ನಿದ್ರಲ್ಲ. ಮೌನ ಯಾಕೋ ಅಂದೆ, ನಿಂಗೆ ಮೊನಾಕೊ ಅಂತ ಕೇಳಿಸ್ತು."

ಒಳಗಿಂದ ಮಗಳು ಶಕುಂತಲೆ: "ಕಾಲು ಮುರಿದ್ರೂ ಬಾಯಿ ಮುರೀಲಿಲ್ಲ ನೋಡಿ."

ಭೂತಪ್ಪ ಎಂದು ಹೆಸರಿಟ್ಟವರು ನನ್ನ ಭವಿಷ್ಯ ಕೇಳಬಾರದು.

೩೧ ಜನವರಿ

ಹಾಲ್‌ನಲ್ಲಿ ಮತ್ತೆ ಜಗಳ. ಕುಲುಮೆ ಸೆಕ್ಷನ್ನಿನ ಆರ್ಮುಗಂ ಕೇರಂ ಪಕ್ಷದ ನಾಯಕ. ಆಫೀಸಿನ ಮೂರ್ತಪ್ಪ ಪೇಪರ್ ಪಕ್ಷದವನು; ರೇಡಿಯೊ, ಓದು, ಶಾಂತಿ. ಒಂದೇ ಕೋಣೆ. ಕಾಯಿನ್ ಹೊಡೆದರೆ ವಾರ್ತೆ ಕೇಳದು, ವಾರ್ತೆ ಹಾಕಿದರೆ ಗುರಿ ತಪ್ಪುತ್ತದೆ. ಹಳೆಯ ಅಧ್ಯಕ್ಷರು ರಿಟೈರ್ ಆಗಿ ಊರಿಗೆ ಹೋದರು. ಹೊಸಬರು ಯಾರೆಂದರೆ, ಇವರು ಹೇಳಿದವರು ಅವರಿಗೆ ಬೇಡ, ಅವರು ಹೇಳಿದವರು ಇವರಿಗೆ ಬೇಡ.

ಹಾಲ್ ಕಾರ್ಖಾನೆಯದು. ಯುಗಾದಿಯೊಳಗೆ ಅಧ್ಯಕ್ಷ ಸಿಗದಿದ್ದರೆ ಸಿಮೆಂಟ್ ಮೂಟೆ ತುಂಬಿಸಿ ಗೋಡೌನ್ ಮಾಡುತ್ತೇನೆ ಎಂದು ಕ್ವಾರ್ಟರ್ಸ್ ನೋಡಿಕೊಳ್ಳುವ ಆಫೀಸರು ಹೇಳಿಹೋಗಿದ್ದಾರೆ.

ಅವರಿಗೆ ಹೋದರೆ ಒಂದು ಕೋಣೆ. ನನಗೆ ಹೋದರೆ... ಆಮೇಲೆ ಉಳಿಯುವುದು ಈ ದಿವಾನು, ಆ ಗೋಡೆ. ಗೋಡೆಗೆ ನನ್ನ ಜೋಕು ಹಿಡಿಸುವುದಿಲ್ಲ.

೩ ಫೆಬ್ರವರಿ, ಶನಿವಾರ. ರಾತ್ರಿ ಊಟದ ನಂತರ

ಗೆದ್ದೆ.

ಶಿವಮೊಗ್ಗದಿಂದ ಮೆಹಬೂಬ್ ಸಾಬ್ ನನ್ನ ಕಾಲು ನೋಡಲು ಬಂದಿದ್ದ. ಬಿ.ಎಚ್. ರಸ್ತೆಯಲ್ಲಿ ಲಾರಿ ಗ್ಯಾರೇಜು ಅವನದು. ಕಾಲು ಸರಿಯಿದ್ದಾಗ ಶನಿವಾರ ಸಂಜೆಯೆಲ್ಲ ಅಲ್ಲೇ, ಹಳೇ ಟೈರಿನ ಮೇಲೆ ಕೂತು ಟೀ. ನಾನು ಬಿದ್ದ ಮೇಲೆ ಇದು ಅವನ ಎರಡನೇ ಭೇಟಿ. ಕೆಲಸ ಬಿಟ್ಟು ಬರಲು ಅವನಿಗೆ ಬಲವಾದ ಕಾರಣ ಬೇಕು. ನಾನು ಅಷ್ಟು ಬಲವಾದ ಕಾರಣವಲ್ಲ.

ಅವನನ್ನೂ ಹಾಲ್‌ಗೆ ಕರೆದೊಯ್ದೆ. ಜಗಳ ಕಾವೇರಿದ ಹೊತ್ತಿಗೆ ಎದ್ದು ಮೊನಾಕೊ ಪುರಾಣ ತೆಗೆದೆ. ಮೊದಲು ಅಲ್ಲಿ ರಾಜ ಆಡಿದ್ದೇ ಆಟ, ಕೈಕೆಳಗೊಬ್ಬ ಗವರ್ನರ್ ಜನರಲ್. ಇಸವಿ ಸಾವಿರದ ಒಂಬೈನೂರ ಹತ್ತರಲ್ಲಿ ಊರವರು ದಂಗೆ ಎದ್ದರು, ಕೆಲಸವೆಲ್ಲ ಹೊರಗಿನವರ ಪಾಲಾಯಿತು ಎಂದು. ಹನ್ನೊಂದರಲ್ಲಿ ರಾಜ ಸಂವಿಧಾನ ಕೊಟ್ಟ, ಮಿನಿಸ್ಟರ್ ಆಫ್ ಸ್ಟೇಟ್ ಹುದ್ದೆ ಬಂತು. ಮಜಾ ಎಂದರೆ ಆ ಹುದ್ದೆಗೂ ಬಂದವರು ಹೊರಗಿನವರೇ. ಫ್ರಾನ್ಸ್ ಹೆಸರು ಕಳಿಸುತ್ತದೆ, ರಾಜ ಒಬ್ಬನನ್ನು ಆರಿಸುತ್ತಾನೆ. ಊರ ಮಗ ಆ ಕುರ್ಚಿಯಲ್ಲಿ ಕೂತದ್ದೇ ಇಲ್ಲ.

"ಹೊರಗಿನ ಆಳು ಬಂದ್ರೆ ನಮ್ ಜಗಳ ಅವನಿಗೆ ಏನ್ ತಿಳೀತದೆ ತಾತಾ?" ಎಂದ ಆರ್ಮುಗಂ.

"ತಿಳೀದೇ ಇರೋದೇ ಅವನ ಕ್ವಾಲಿಫಿಕೇಷನ್ನು."

ಮೂರ್ತಪ್ಪ ಗಲ್ಲ ಕೆರೆದುಕೊಂಡ. "ನಮ್ ದಿವಾನರೂ ಎಷ್ಟೋ ಜನ ಮದರಾಸ್ ಕಡೆಯಿಂದ ಬಂದೋರೇ ಅಲ್ವಾ."

ಅಲ್ಲಿಗೆ ಪೇಪರ್ ಪಕ್ಷ ಬಿತ್ತು. ಎಲ್ಲರ ಕಣ್ಣೂ ಮೂಲೆಗೆ ಹೋಯಿತು. ಮೆಹಬೂಬ್ ಸಾಬ್ ಕುರ್ಚಿಯ ಸಡಿಲ ಕಾಲು ಪರೀಕ್ಷಿಸುತ್ತಿದ್ದ.

"ಅರೇ ಭೂತಪ್ಪ, ನಾನು ಲಾರಿ ರಿಪೇರಿಯೋನು ಮಾರಾಯ. ನಂಗ್ಯಾಕೆ ಸಂಘ ಗಿಂಘ?"

"ಇಲ್ಲಿ ಒಂದು ಚಕ್ರ ಬಲಕ್ಕೆ, ಒಂದು ಎಡಕ್ಕೆ ಹೋಗ್ತಿದೆ. ಅಲೈನ್‌ಮೆಂಟ್ ಮಾಡೋನು ನೀನಲ್ದೆ ಇನ್ಯಾರು?"

ಚಪ್ಪಾಳೆ. ಆ ಬಿಸಿಯಲ್ಲೇ ಇನ್ನೊಂದು ಸೇರಿಸಿದೆ: ಮಿನಿಸ್ಟರ್ ಪ್ರತಿ ಶನಿವಾರ ಖುದ್ದಾಗಿ ಬಂದು ಕುರ್ಚಿಯಲ್ಲಿ ಕೂರಬೇಕು, ಒಂದು ವಾರ ತಪ್ಪಿದರೂ ಪದವಿ ಹೋಯಿತು. ಮೊನಾಕೊದಲ್ಲಿ ಅಂಥ ರೂಲು ಇಲ್ಲ. ನನ್ನ ಒಗ್ಗರಣೆ. ಸಂಘಕ್ಕೆ ಶಿಸ್ತು ಬೇಡವೆ?

೧೦ ಫೆಬ್ರವರಿ, ಶನಿವಾರ

ರಂಜಾನ್ ಶುರುವಾಗಿದೆ. ಆದರೂ ಬಂದ. ಇಸ್ತ್ರಿ ಮಾಡಿದ ಶೇರ್ವಾನಿ, ತಲೆಗೆ ಟೋಪಿ. ಸಂಜೆ ರೈಲಿಳಿದು ಸ್ಟೇಷನ್ನಿನಿಂದ ನಡೆದೇ ಬಂದಿದ್ದಾನೆ. ಹಾಲ್‌ನಲ್ಲೇ ರೋಜಾ ಉಪವಾಸ ಬಿಟ್ಟ. ಶಕುಂತಲೆ ಬಾಳೆಹಣ್ಣು, ಅವಲಕ್ಕಿ ಕಳಿಸಿದಳು. ಆರ್ಮುಗಂ ನೀರಿನ ಲೋಟ ಹಿಡಿದು, ಹೊತ್ತು ಮುಳುಗಿತೇ ಎಂದು ಬಾಗಿಲಾಚೆ ಇಣುಕುತ್ತ ನಿಂತಿದ್ದ.

ನಮಾಜು ಮುಗಿಸಿ ಬಂದು ತೀರ್ಪು ಕೊಟ್ಟ. ವಾರ್ತೆಯ ಹೊತ್ತಿನಲ್ಲಿ ಕೇರಂ ಬೋರ್ಡಿನ ಮೇಲೆ ಬಟ್ಟೆ. ಉಳಿದ ಹೊತ್ತು ಆಟ. ಇಷ್ಟೇ. ಇಷ್ಟನ್ನು ನಾವ್ಯಾರಾದರೂ ಹೇಳಿದ್ದರೆ ತಲೆ ಒಡೆಯುತ್ತಿತ್ತು. ಕಿರುಗುಟ್ಟುತ್ತಿದ್ದ ಫ್ಯಾನಿಗೆ ಎಣ್ಣೆ ಬಿಟ್ಟ, ಅದೂ ಸುಮ್ಮನಾಯಿತು. ಬೀದಿಯವರೆಲ್ಲ ಅವನನ್ನು ಮಿನಿಸ್ಟರ್ ಸಾಬ್ ಎನ್ನತೊಡಗಿದ್ದಾರೆ.

ಆಫೀಸರು ಬಂದರು. "ಇವರೇ ಅಧ್ಯಕ್ಷರಾ? ಟಿಕೆಟ್ ಇದೆಯಾ?"

ನಮ್ಮ ನ್ಯೂ ಟೌನ್ ಕ್ವಾರ್ಟರ್ಸಿನಲ್ಲಿ ಟಿಕೆಟ್ ಎಂದರೆ ಕಾರ್ಖಾನೆಯ ನೌಕರನ ನಂಬರು. ಅದಿಲ್ಲದವನು ಇಲ್ಲಿ ಅಧ್ಯಕ್ಷನಾಗುವಂತಿಲ್ಲ. ಮೆಹಬೂಬನಿಗೆ ಅದೆಲ್ಲ ಏನು ಗೊತ್ತು? ಜೇಬು ಮುಟ್ಟಿ ನೋಡಿ, "ಇದೆ ಸಾಬ್" ಎಂದ.

"ಇದೆ ಸಾರ್, ಜೇಬಲ್ಲೇ ಇದೆ" ಎಂದೆ ನಾನೂ. ಸುಳ್ಳಲ್ಲ. ಶಿವಮೊಗ್ಗಕ್ಕೆ ವಾಪಸ್ ಹೋಗುವ ರೈಲು ಟಿಕೆಟ್ಟು. ಆಫೀಸರು ಸಂತೋಷದಿಂದ ಜೀಪು ಹತ್ತಿದರು. ಒಂದು ಪದದ ಮೇಲೆ ನಮ್ಮ ಸರ್ಕಾರ ನಿಂತಿದೆ. ಎಷ್ಟೋ ಸರ್ಕಾರಗಳಿಗೆ ಅಷ್ಟೂ ಇರುವುದಿಲ್ಲ.

೩ ಮಾರ್ಚ್, ಶನಿವಾರ

ಮೆಹಬೂಬ್ ಬಂದವನೇ ಕುರ್ಚಿಯಲ್ಲಿ ಕುಸಿದ. ಎದೆಯೊಳಗೆ ಸಿಳ್ಳೆ. ಸ್ಟೇಷನ್ನಿನಿಂದ ಬರುವಾಗ ಅಲ್ಲಲ್ಲಿ ಕೂತು ಬಂದನಂತೆ. "ಏನಿಲ್ಲ ಮಾರಾಯ, ಧೂಳು" ಎಂದ. ಧೂಳು ನಮಗೂ ಇದೆ.

೬ ಮಾರ್ಚ್

ಪೀರ್ ಬಾಷಾ ಬಂದಿದ್ದ. ಲಾರಿ ಡ್ರೈವರ್, ಮೆಹಬೂಬನ ಗ್ಯಾರೇಜಿನ ಗಿರಾಕಿ. ಒಳಗೆ ಬಾ ಎಂದರೂ ಬರದೆ ಬಾಗಿಲಲ್ಲೇ ನಿಂತು ಮೆಹಬೂಬನ ಹೆಂಡತಿಯ ಮಾತು ಹೇಳಿದ.

"ಸರ್ವರ್ ಬೀ ಹೇಳಿ ಕಳಿಸಿದಾರೆ. ಭಾಯಿಗೆ ಉಬ್ಬಸ. ರಾತ್ರಿ ಎಲ್ಲಾ ಗೋಡೆಗೆ ಒರಗಿ ಕೂತೇ ಇರ್ತಾರೆ, ಮಲಗೋಕೇ ಆಗಲ್ಲ. ಓಡಾಡಬೇಡಿ ಅಂತ ಡಾಕ್ಟರ್ ಬೈದ್ರು. ಕೇಳಲ್ಲ. ಶನಿವಾರ ತಪ್ಪಿದ್ರೆ ಕುರ್ಚಿ ಹೋಗ್ತದೆ ಅಂತಾರೆ. ಅಜ್ಜಾ, ನೀವೇ ಹೇಳಿ ಬಿಡಿಸ್ಬೇಕಂತೆ."

ಹೇಳುತ್ತೇನೆ ಎಂದೆ. ಪನ್ನು ಗಿನ್ನು ಏನೂ ಹೊಳೆಯಲಿಲ್ಲ.

೧೦ ಮಾರ್ಚ್, ಶನಿವಾರ

ರಂಜಾನ್ ಹಬ್ಬ ಮುಗಿದಿದೆ. ಮೆಹಬೂಬ್ ಡಬ್ಬಿಯಲ್ಲಿ ಶೀರ್ ಖುರ್ಮಾ ಪಾಯಸ ತಂದಿದ್ದ. ಅವನಿಗಿಂತ ಡಬ್ಬಿಯೇ ಭಾರ ಎನ್ನುವ ಹಾಗಿತ್ತು ನಡಿಗೆ.

ಎಲ್ಲರೂ ಹೋದ ಮೇಲೆ ಹೇಳಿದೆ. ಶನಿವಾರದ ರೂಲು ಸುಳ್ಳು, ನಾನೇ ಹುಟ್ಟಿಸಿದ್ದು. ನೀನು ವಾರಕ್ಕೊಮ್ಮೆ ಬರಲಿ ಎಂದು ಹುಟ್ಟಿಸಿದ್ದು. ಮನೆಯಲ್ಲಿರು.

ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಇಬ್ಬರೂ ಕಾದೆವು.

"ಸರ್ವರ್ ಹೇಳ್ಕೊಟ್ಟಳಾ? ನಿನ್ನ ಸುಳ್ಳು ನಾನು ನೋಡಿಲ್ವಾ ಭೂತಪ್ಪ? ಅವತ್ತು ನಮ್ ಗ್ಯಾರೇಜಿಗೆ ಗವರ್ನರ್ ಕಾರು ಬರ್ತದೆ ಅಂದೆ, ನಾನು ಬಾಗ್ಲಿಗೆಲ್ಲಾ ತೋರಣ ಕಟ್ಟಿಸಿದೆ. ಇದೂ ಅದೇ."

"ಇದು ನಿಜ ಕಣೋ."

"ಅವತ್ತೂ ಹಿಂಗೇ ಅಂದಿದ್ದೆ." ಟೋಪಿ ಸರಿಮಾಡಿಕೊಂಡ. "ಕೇಳು. ಇಷ್ಟು ವರ್ಷ ಜನ ನನ್ನ ಕೈ ನೋಡ್ತಿದ್ರು. ಗ್ರೀಸ್ ಆಗಿದೆಯಾ, ಸೀಟು ಮುಟ್ತಾನಾ ಅಂತ. ಇಲ್ಲಿ ಮುಖ ನೋಡಿ ಮಾತಾಡ್ತಾರೆ. ಅದನ್ನ ಬಿಟ್ಟು ಮನೇಲಿ ಮಲಗು ಅಂತೀಯಲ್ಲ."

ಜೀವಮಾನದಲ್ಲಿ ಒಂದು ನಿಜ ಹೇಳಿದೆ. ಅದಕ್ಕೆ ಒಬ್ಬ ಗಿರಾಕಿಯೂ ಇಲ್ಲ.

೧೭ ಮಾರ್ಚ್, ಶನಿವಾರ. ಮಲಗುವ ಮುಂಚೆ

ಇನ್ನೊಂದು ದಾರಿ ನೋಡಿದೆ. ಮೊನಾಕೊ ರಾಜನಂತೆ ಓಡಿಸಿಬಿಡುವುದು. ಸಭೆಯಲ್ಲಿ ಎದ್ದು, ಅಧ್ಯಕ್ಷರ ಬದಲಾವಣೆ ಆಗಬೇಕು ಎಂದೆ. ರಾಜೀನಾಮೆ ಕೊಡಲಿ, ರಾಜಿಯಾದರೆ ರಾಜಿ, ಇಲ್ಲವಾದರೆ ನಾಮ.

ಯಾರೂ ನಗಲಿಲ್ಲ.

ಆರ್ಮುಗಂ ಎದ್ದ. "ತಾತಾ, ಮಿನಿಸ್ಟರ್ ಸಾಬ್‌ನ ತೆಗೀಬೇಕು ಅಂದ್ರೆ ಮೊದ್ಲು ನನ್ನ ಕೇಳು."

"ಆಮೇಲೆ ನನ್ನ" ಎಂದ ಮೂರ್ತಪ್ಪ. ಇಬ್ಬರೂ ಅಕ್ಕಪಕ್ಕ ನಿಂತಿದ್ದರು. ಎರಡೂ ಪಕ್ಷ ಮೊದಲ ಸಲ ಒಂದಾಯಿತು, ನನ್ನ ವಿರುದ್ಧ. ಮಹಾಯುದ್ಧದ ಕಾಲದಲ್ಲಿ ಮೊನಾಕೊ ಜನ ಒಬ್ಬ ಮಂತ್ರಿ ಬೇಡವೆಂದು ಕೂಗಿದರೂ ರಾಜ ಬಹಳ ದಿನ ಬಿಟ್ಟುಕೊಡಲಿಲ್ಲವಂತೆ. ಇಲ್ಲಿ ತಿರುವುಮುರುವು.

ಮೆಹಬೂಬ್ ಕುರ್ಚಿಯಿಂದ ನನ್ನನ್ನೇ ನೋಡುತ್ತಿದ್ದ. ಕೋಪವಿರಲಿಲ್ಲ. ಇದೂ ನನ್ನ ಆಟವೆಂದೇ ತಿಳಿದಿದ್ದ. ಏಳುವಾಗ ಗೋಡೆ ಹಿಡಿದ. ತುಟಿ ನೀಲಿ. ಆರ್ಮುಗಂ ಸೈಕಲ್ ಮೇಲೆ ಕೂರಿಸಿಕೊಂಡು ಸ್ಟೇಷನ್ನಿಗೆ ತಳ್ಳಿಕೊಂಡು ಹೋದ.

ಮುಂದಿನ ಶನಿವಾರವೂ ಬರುತ್ತಾನೆ. ಅದರ ಮುಂದಿನದಕ್ಕೂ. ಕಟ್ಟಿದವನು ನಾನು, ಬಿಚ್ಚಲು ನನ್ನಿಂದಲೇ ಆಗುತ್ತಿಲ್ಲ.

೨೨ ಮಾರ್ಚ್, ಗುರುವಾರ

ಆಫೀಸರ ಜೀಪು ನಮ್ಮ ಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತಿತ್ತು.

ಇವತ್ತು ಬರೆಯುವುದಿಲ್ಲ.

೨೪ ಮಾರ್ಚ್, ಶನಿವಾರ. ಸಂಜೆ

ಹಾಲ್‌ಗೆ ನಿನ್ನೆ ಬೀಗ ಬಿತ್ತು. ಇವತ್ತು ಬೆಳಿಗ್ಗೆ ಲಾರಿಯಲ್ಲಿ ಸಿಮೆಂಟ್ ಬಂತು. ಕೇರಂ ಬೋರ್ಡು ಆರ್ಮುಗಂ ಮನೆಗೆ, ರೇಡಿಯೊ ಮೂರ್ತಪ್ಪನ ಮನೆಗೆ. ಅಧ್ಯಕ್ಷರ ಕುರ್ಚಿ ಮಾತ್ರ ನಮ್ಮ ಜಗಲಿಯಲ್ಲಿದೆ.

ಕೇರಂನವರು ಪೇಪರಿನವರನ್ನು ಬೈಯುತ್ತಿದ್ದಾರೆ, ಪೇಪರಿನವರು ಕೇರಂನವರನ್ನು. ಆಫೀಸರನ್ನು ಕೇಳಿದರೆ, "ಗೋಡೌನ್ ಸಾಲದು, ಅಷ್ಟೇ" ಎಂದರಂತೆ. ವೀರಮ್ಮ ಬೇರೆ ನನ್ನ ಕಿಟಕಿಗೆ ಬಂದು ಸಮಾಧಾನ ಹೇಳಿದಳು. "ನಿಮ್ ಕಿತಾಪತಿ ಅಂತ ಯಾರೂ ಅನ್ನಲ್ಲ ಬಿಡಿ ಅಜ್ಜಾ. ಎಲ್ರಿಗಿಂತ ನಿಮ್ಗೇ ಅಲ್ವಾ ಲುಕ್ಸಾನು."

ಮಧ್ಯಾಹ್ನ ಪೀರ್ ಬಾಷಾ ಬಂದ. ಸುದ್ದಿ ಮುಟ್ಟಿಸಿದ್ದಾನೆ. "ಮೊದ್ಲು ನಂಬಲಿಲ್ಲ. ಆಮೇಲೆ, ನನ್ ಕುರ್ಚಿ ಹೋಗಿಲ್ಲ, ಹಾಲ್ ತಾನೇ ಹೋಗಿರೋದು, ಕುರ್ಚಿ ಮಳೆಗೆ ನೆನೀದಂಗೆ ಇಡಿ ಅಂದ್ರು. ಇವತ್ತು ಮನೇಲೇ ಅವ್ರೆ. ದಿಂಬಿಟ್ಟುಕೊಂಡು ಸ್ವಲ್ಪ ಒರಗಿದ್ರು."

ಸಾಕು.

ನಾನು ಹಾಲ್ ಕಡೆ ನೋಡಬಾರದೆಂದು ಶಕುಂತಲೆ ದಿವಾನನ್ನು ಗೋಡೆಯ ಕಡೆ ತಿರುಗಿಸಿದ್ದಾಳೆ. ನನಗೆ ಒಳ್ಳೆಯದಾಗಲಿ ಎಂದೇ.

ಸಂಜೆ ರೈಲು ಕೂಗಿತು. ಅವನು ಅದರಲ್ಲಿಲ್ಲ.

ಮಂತ್ರಿಯನ್ನು ಕಿತ್ತು ಹಾಕಲು ಆಗಲಿಲ್ಲ. ಅದಕ್ಕೇ ರಾಜ್ಯವನ್ನೇ ತೆಗೆದೆ. ಗುರುವಾರ ಕೋಲೂರಿಕೊಂಡು ಜೀಪಿನ ಹತ್ತಿರ ಹೋಗಿ, ನಮ್ಮ ಅಧ್ಯಕ್ಷರ ಟಿಕೆಟ್ಟು ಯಾವ ಟಿಕೆಟ್ಟು ಎಂದು ಆಫೀಸರಿಗೆ ಬಿಡಿಸಿ ಹೇಳಿದವನು ನಾನೇ. ಅವನ ಹೆಸರು ಎತ್ತಬೇಡಿ, ನೆಪ ಸಿಮೆಂಟಿನ ಮೇಲೆ ಹಾಕಿ ಎಂದು ಬೇಡಿಕೊಂಡವನೂ ನಾನೇ. ಬೇರೆಯದೆಲ್ಲ ಆಟ, ಇದೊಂದು ಮಾತ್ರ ನಿಜವಾಗಿ ಮಾಡಿದ್ದು.