ಬೆತ್ತದ ಕುರ್ಚಿಯ ಪರವಾಗಿ ಮೇಲ್ಮನವಿ

ಸಿಂಧನೂರು
ಗುರುವಾರ, 18 ಜುಲೈ 2024

ಲಿಂಗಸುಗೂರಿನ ಎರಡಂತಸ್ತಿನ ಅರಮನೆಯಲ್ಲಿ ವಿರಾಜಮಾನರಾದ, ಮಸ್ಕಿಯ ಖಾಲಿ ಮಳಿಗೆಗೆ ಏಕಚ್ಛತ್ರಾಧಿಪತಿಗಳಾದ, ಒಂದೇ ಗುಟುಕಿಗೆ ಚಹಾ ಮುಗಿಸುವುದರಲ್ಲಿ ಮೂರು ತಾಲ್ಲೂಕಿಗೂ ಅಪ್ರತಿಮರಾದ, ಸೋದರಮಾವ ಶ್ರೀ ಶ್ರೀ ಶ್ರೀ ದುರುಗಪ್ಪನವರ ಪಾದಗಳಿಗೆ ತಂಗಿಯ ಮಗಳಾದ ಅಮರೇಶ್ವರಿಯು ಸಾಷ್ಟಾಂಗ ಎರಗಿ, ಎರಗಿದಲ್ಲಿಂದಲೇ ಮಾಡುವ ಜಗಳ ಏನೆಂದರೆ:

ಫೋನ್ ಮಾಡಿದರೆ ನೀವು ಎತ್ತುತ್ತಿಲ್ಲ. ನಿಮ್ಮ ಮನೆಯಾಕಿ ಸೂಗಮ್ಮತ್ತಿ ಎತ್ತಿ, "ನಿಮ್ಮ ಮಾವ ಮನ್ಯಾಗ ಇಲ್ಲವ್ವಾ" ಎನ್ನುವಾಗ, ಹಿಂದಿನಿಂದ "ಊರಿಗೆ ಹೋಗ್ಯಾನ ಅಂತ ಹೇಳು" ಎಂಬ ನಿಮ್ಮ ದನಿ ನನಗೆ ಚೆನ್ನಾಗಿಯೇ ಕೇಳುತ್ತದೆ. ಆದ್ದರಿಂದ ಈ ಪತ್ರ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ಕಳೆದ ಭಾನುವಾರ ನೀವು ಕೊಟ್ಟ ತೀರ್ಪನ್ನು ನಾನು ಒಪ್ಪುವುದಿಲ್ಲ. ನಮ್ಮ ಕರಾರು ಏನಿತ್ತು, ನೆನಪಿಸಿಕೊಳ್ಳಿ. ನೀವು ಗುಜರಿಗೆ ಹಾಕಬೇಕೆಂದಿದ್ದ ನಿಮ್ಮ ಅಂಗಳದ ನಾಲ್ಕು ಬೆತ್ತದ ಕುರ್ಚಿಗಳನ್ನು ನಾನು ಸಿಂಧನೂರಿಗೆ ತಂದು ದುರಸ್ತಿ ಮಾಡಬೇಕು. ನೀವು ಬಂದು ಕೂತು ನೋಡಬೇಕು. ಕುರ್ಚಿ ನಿಮ್ಮ ಭಾರ ತಡೆದರೆ, ಬೆತ್ತದ ಕೆಲಸದ ಅಂಗಡಿ ಹಾಕಲು ಮಸ್ಕಿಯ ಮಳಿಗೆಯನ್ನು ನನಗೆ ಕೊಡಬೇಕು. ತಡೆಯದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಸೇರಬೇಕು. ನೀವು ಬಂದಿರಿ, ಕೂತಿರಿ, ಕುರ್ಚಿ ತಡೆಯಲಿಲ್ಲ.

ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಿಮ್ಮ ಮೊಣಕಾಲೂ ಗದ್ದವೂ ಒಂದಕ್ಕೊಂದು ತಾಗಿದ ಆ ಗಳಿಗೆಯಲ್ಲೂ ಚಹಾದ ಕಪ್ಪನ್ನು ಒಂದು ಹನಿ ಚೆಲ್ಲದಂತೆ ಮೇಲೆತ್ತಿ ಹಿಡಿದಿದ್ದಿರಲ್ಲ, ಆ ಸ್ಥಿತಪ್ರಜ್ಞತೆಗೆ ನನ್ನ ನಮಸ್ಕಾರ. ಒಂದು ಕೈ ಅವ್ವ, ಇನ್ನೊಂದು ಕೈ ನಿಮ್ಮ ಸುಪುತ್ರ ಶಿವಪ್ರಸಾದ ಹಿಡಿದು ಎಳೆದಾಗ ಕುರ್ಚಿಯೂ ನಿಮ್ಮನ್ನು ಬಿಡಲೊಲ್ಲದೆ ಬೆನ್ನಿಗೇ ಎದ್ದು ಬಂತು. ಆಮೇಲೆ ನೀವು ಅಂಗಿ ಝಾಡಿಸಿಕೊಂಡು, "ಡಿಗ್ರಿ ಓದಿದಾಕಿ, ಮಂದಿ ಕುಂದ್ರೋ ಕುರ್ಚಿ ಹೆಣಕೋಂತ ಬಜಾರದಾಗ ಕುಂದರ್ತೀಯೇನಬೇ? ಮುಗೀತು. ನಾಳಿಂದ ಕೋಚಿಂಗ್" ಎಂದು ಹೊರಟೇಬಿಟ್ಟಿರಿ. ನನ್ನ ಕಡೆಯ ವಾದ ಕೇಳಲೇ ಇಲ್ಲ. ಈಗ ಕೇಳಿ.

ಬೆತ್ತದ ಪಟ್ಟಿಯನ್ನು ನೀರಿನಲ್ಲಿ ನೆನೆಸಿಯೇ ಹೆಣೆಯಬೇಕು. ಒಣಗಿದ್ದನ್ನು ಬಗ್ಗಿಸಿದರೆ ಸೀಳುತ್ತದೆ. ಹೆಣೆದ ಮೇಲೆ ನೆರಳಿನಲ್ಲಿ ಒಂದೆರಡು ದಿನ ಬಿಟ್ಟರೆ ಅದು ತಾನಾಗಿಯೇ ಬಿಗಿದು ಹಲಗೆಯಂತಾಗುತ್ತದೆ. ಭಾನುವಾರ ನಾನು ಹೆಣಿಗೆ ಮುಗಿಸಿ ಎರಡು ತಾಸೂ ಆಗಿರಲಿಲ್ಲ. ಹಸಿ ಬೆತ್ತದ ಮೇಲೆ ಒಂದು ಕ್ವಿಂಟಾಲಿಗೂ ಮೀರಿದ ಘನತೆಯನ್ನು ಇಳಿಸಿದವರು ನೀವು. ಶಿಕ್ಷೆ ಮಾತ್ರ ನನಗೆ.

ಅಷ್ಟಕ್ಕೂ ಆ ಕುರ್ಚಿಗಳನ್ನು ಕೊಂದವರು ಯಾರು? ದಿನಾ ಬೆಳಿಗ್ಗೆ ಅಂಗಳಕ್ಕೆ ಸಗಣಿ ನೀರು ಹೊಡೆಯುವಾಗ ಕುರ್ಚಿಗಳನ್ನು ಎತ್ತಿಡುವುದು ಬಿಟ್ಟು, ಅವುಗಳ ಕಾಲಿಗೂ ಅತ್ತಿ ಎರಡು ಬೊಗಸೆ ಎರಚುತ್ತಿದ್ದರು. "ಅವೂ ಮನಿ ಮಂದಿ ಇದ್ದಂಗ, ಅವಕ್ಕೂ ಮಡಿ ಆಗಲಿ" ಎಂದು ನನಗೇ ಹೇಳಿದ್ದಾರೆ. ನಾಲ್ಕು ವರ್ಷ ಮಡಿಯಾಗಿ ಆಗಿ ಕಾಲುಗಳಿಗೆ ಸುತ್ತಿದ್ದ ಬೆತ್ತ ಕೊಳೆತು ಜೋತುಬಿತ್ತು. ನೀವೋ, ಗೇಟಿಗೆ ಬಳಿದು ಉಳಿದ ನೀಲಿ ಪೇಂಟನ್ನು ಕುರ್ಚಿಗಳಿಗೆ ಮೆತ್ತಿದಿರಿ. ಒಳಗೆ ಸೇರಿದ ನೀರು ಹೊರಗೆ ಬರಲು ದಾರಿಯಿಲ್ಲದೆ ಬೆತ್ತ ಒಳಗೊಳಗೇ ಕರಗಿತು. ಆ ಪೇಂಟನ್ನು ಉಜ್ಜಿ ತೆಗೆಯುವಷ್ಟರಲ್ಲಿ ನನ್ನ ಉಗುರುಗಳು ಹನ್ನೊಂದು ದಿನ ನೀಲಿಯಾಗಿದ್ದವು. ಅವ್ವ ನನ್ನನ್ನು ದವಾಖಾನೆಗೆ ಕರೆದೊಯ್ಯಲು ಹೊರಟಿದ್ದಳು.

ಇವಿಷ್ಟನ್ನೂ ಕ್ಷಮಿಸುತ್ತೇನೆ. ಕ್ಷಮಿಸದಿರುವುದು ಒಂದೇ. ಮನೆಗೆ ಹೋಗುವ ದಾರಿಯಲ್ಲಿ ಮಸ್ಕಿಯ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಳಿದು, ನನಗೆ ಕೆಲಸ ಕಲಿಸಿದ ಶಂಶಾದ್‌ಬೀ ಅವರ ಬಗ್ಗೆ ನಾಲ್ಕು ಮಂದಿ ಕೇಳುವಂತೆ "ಆ ಮುದುಕಿ ಕಣ್ಣು ಹೋಗ್ಯಾವ, ಕೈ ನಡುಗತಾವ, ನಮ್ಮ ಹುಡುಗಿಗೂ ಅದನ್ನ ಕಲಿಸ್ಯಾಳ" ಎಂದಿರಂತೆ. ಅದು ಕಿವಿಗೆ ಬಿದ್ದು, ಮರುದಿನವೇ ಒಬ್ಬ ವಕೀಲರು ಹೆಣೆಯಲು ಕೊಟ್ಟಿದ್ದ ಆರು ಕುರ್ಚಿಗಳನ್ನು ಅವರು ಕೂತು ಹೆಣೆಯುವ ಕಟ್ಟೆಯಿಂದ ಹಾಗೆಯೇ ವಾಪಸು ಒಯ್ದರು. ಎಂಟು ತಿಂಗಳು ನಾನು ಶಂಶಾದ್‌ಬೀ ಅವರ ಪಕ್ಕದಲ್ಲಿ ಕೂತು ಕಲಿತಿದ್ದೇನೆ. ಕಣ್ಣು ಮುಚ್ಚಿಕೊಂಡೇ ಬೆರಳಾಡಿಸಿ, "ಇಲ್ಲಿ ಒಂದು ತೂತು ಬಿಟ್ಟೀದಿ ಬೇಟಿ, ಬಿಚ್ಚು" ಎನ್ನುವ ಕೈ ಅದು. ವಕೀಲರ ಸುದ್ದಿಯನ್ನು ಹೇಳುವಾಗಲೂ ಅವರು ನಿಮ್ಮನ್ನು ಬೈಯಲಿಲ್ಲ. "ಬಿದ್ದಾಗ ನಿಮ್ಮ ಮಾವಗ ಪೆಟ್ಟು ಆಗಿಲ್ಲಲ್ಲ?" ಎಂದು ಕೇಳಿದರು, ಅಷ್ಟೇ.

ಆದ್ದರಿಂದ ನನ್ನ ನಿರ್ಧಾರ ಕೇಳಿ. ಕೋಚಿಂಗಿಗೆ ನಾನು ಹೋಗಿಲ್ಲ, ಹೋಗುವುದೂ ಇಲ್ಲ. ಮಳಿಗೆ ನಿಮ್ಮಲ್ಲೇ ಇರಲಿ. ಬರುವ ಸೋಮವಾರದಿಂದ ಶಂಶಾದ್‌ಬೀ ಅವರ ಕಟ್ಟೆಯ ಮೇಲೆ ನಾನೂ ಕೂರುತ್ತೇನೆ. ಬೋರ್ಡು ಬರೆಸಿದ್ದಾಗಿದೆ. ಅದರಲ್ಲಿ ನನ್ನ ಡಿಗ್ರಿಯನ್ನೂ ಹಾಕಿಸಿದ್ದೇನೆ; ನೀವು ಅಷ್ಟು ಹೇಳಿಕೊಳ್ಳುವ ಡಿಗ್ರಿ ಎಲ್ಲಾದರೂ ಉಪಯೋಗಕ್ಕೆ ಬರಬೇಕಲ್ಲ.

ಬಿದ್ದ ಕುರ್ಚಿಯನ್ನೂ ಮತ್ತೆ ಬಿಗಿದು ಸೇರಿಸಿ, ನಾಲ್ಕನ್ನೂ ಈ ಪತ್ರದ ಜೊತೆ ಗೂಡ್ಸ್ ಆಟೋದಲ್ಲಿ ಕಳಿಸುತ್ತಿದ್ದೇನೆ. ಇಳಿಸಿಕೊಂಡ ಮೇಲೆ ಮಾಡಬೇಕಾದದ್ದು ಇಷ್ಟು: ಅವುಗಳನ್ನು ಅಂಗಳದ ಮಣ್ಣಿನಲ್ಲಿ ಇಡಬೇಡಿ, ಪಡಸಾಲೆಯ ಕಲ್ಲಿನ ಮೇಲಿಡಿ. ಮಳೆ ಬಂದರೆ ಒಳಗೆ ಒಯ್ಯಿರಿ. ನಿಮಗೆ ಕೊಡೆ ಹಿಡಿಯುವ ಶಿವಪ್ರಸಾದ ಅದನ್ನೂ ಮಾಡಲಿ. ಧೂಳು ಕೂತರೆ ಮೆತ್ತನೆಯ ಬ್ರಷ್, ತೆಳು ಸಬಕಾರದ ನೀರು, ತಕ್ಷಣ ಒಣ ಬಟ್ಟೆ. ವರ್ಷಕ್ಕೊಮ್ಮೆ ಅಗಸಿ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ತೆಳ್ಳಗೆ ಒರೆಸಿ. ಸಗಣಿ ನೀರಿನ ಬಕೆಟ್ಟನ್ನು ಅತ್ತಿ ಕೈಗೆತ್ತಿಕೊಂಡರೆ ನೀವೇ ಕುರ್ಚಿಗಳಿಗೆ ಅಡ್ಡ ನಿಲ್ಲಿ. ಆ ಪೇಂಟಿನ ಡಬ್ಬಿಯನ್ನು ಯಾರಿಗಾದರೂ ಕೊಟ್ಟುಬಿಡಿ.

ಆಮೇಲೆ ಧೈರ್ಯವಾಗಿ ಕೂರಿ. ಈಗ ಅವು ಒಣಗಿವೆ.

ತಮ್ಮ ಆಜ್ಞೆಯನ್ನು ಅತ್ಯಂತ ವಿನಯದಿಂದ ಮೀರುತ್ತಿರುವ,
ಅಮರೇಶ್ವರಿ, ಬಿ.ಕಾಂ.,
ಬೆತ್ತದ ಕುರ್ಚಿ ದುರಸ್ತಿ ಮಾಡುವಾಕೆ

ತಾ.ಕ.: ಮಾವ, ಭಾನುವಾರವೂ ಅದು ಒಣಗಿತ್ತು. ಶುಕ್ರವಾರವೇ ಹೆಣೆದು ಮುಗಿಸಿದ್ದೆ. ಶಂಶಾದ್‌ಬೀ ಬೆರಳಾಡಿಸಿ ನೋಡಿ ಶಹಬ್ಬಾಸ್ ಎಂದಿದ್ದರು ಕೂಡ. ಎಲ್ಲಿ ಹೋದರೂ ಶಿವಪ್ರಸಾದನೇ ಮೊದಲು ಕುರ್ಚಿ ಹಿಡಿಯುವವನಲ್ಲವೇ, ಅವನಿಗೊಂದು ಪಾಠ ಆಗಲೆಂದು ನೀವು ಬರುವ ಮೊದಲು ಒಂದು ಕುರ್ಚಿಯ ತಳದಲ್ಲಿ ಎರಡು ಬದಿಯ ಗಂಟುಗಳನ್ನು ಬಿಚ್ಚಿ ಟೇಪು ಅಂಟಿಸಿಟ್ಟಿದ್ದೆ. ಅವನು ಹುಟ್ಟಿದಾಗಿನಿಂದ ಮೊದಲನೇ ಸಲ "ಅಪ್ಪಾ, ನೀವ ಕುಂದರ್ರಿ" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ನೀವು ಕೂತಾಗಿತ್ತು. ಹಸಿ ಬೆತ್ತದ ವಾದ ನಾನು ಕಟ್ಟಿದ ಸುಳ್ಳು. ನನಗೇನು ಶಿಕ್ಷೆ ಕೊಡುತ್ತೀರೋ ಕೊಡಿ. ಆದರೆ ಆ ಹೋಟೆಲಿಗೆ ಇನ್ನೊಮ್ಮೆ ಹೋಗಿ, ಯಾರ ಕಣ್ಣೂ ಹೋಗಿಲ್ಲ, ತಪ್ಪು ನಮ್ಮ ಹುಡುಗಿಯದು ಎಂದು ಅಷ್ಟೇ ದೊಡ್ಡ ದನಿಯಲ್ಲಿ ಹೇಳಿಬನ್ನಿ. ವಕೀಲರ ಮನೆಗೆ ನಾನೇ ಹೋಗುತ್ತೇನೆ. ಶಂಶಾದ್‌ಬೀ ಅವರಿಗೆ ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.