ಅರ್ಧ ದಾರಿಯಿಂದ ಮರಳುವ ಗಾಡಿ

ಮನೆ,
೪ನೇ ತಾರೀಖು, ಮಂಗಳವಾರ ಸಂಜೆ

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ನೀನು ಉಳಿದದ್ದನ್ನೆಲ್ಲ ದಾಟಿಕೊಂಡು ಇದನ್ನೇ ಹುಡುಕುತ್ತೀಯ ಎಂದು ಗೊತ್ತು. ಚಿಕ್ಕಮ್ಮನ ಕೈಯ ಪ್ಲಾಸ್ಟರ್ ಇನ್ನೂ ಮೂರು ವಾರ ಇರಬೇಕಂತೆ, ಅಲ್ಲಿಯವರೆಗೆ ಬರಲಾಗುವುದಿಲ್ಲ ಎಂದು ನೀನು ಫೋನಿನಲ್ಲಿ ಹೇಳಿದೆ. ನಾನು ಹೂಂ ಅಂದೆ. ನಿನ್ನ ಹತ್ತಿರ ಮಾತಾಡೋದೂ ಒಂದೇ, ಗೋಡೆಗೆ ಮೊಳೆ ಹೊಡೆಯೋದೂ ಒಂದೇ, ಗಾಡಿ ವಿಷಯ ಬರೆದು ಕಳಿಸು ಅಂದೆಯಲ್ಲ, ಬರೆಯುತ್ತಿದ್ದೇನೆ.

ಫ್ರಿಜ್ಜಿನ ಬಾಗಿಲಿಗೆ ನೀನು ಅಂಟಿಸಿ ಹೋದ ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ಎರಡು ಶನಿವಾರ ಮೂರು ಶೋರೂಮು ಸುತ್ತಿದೆ. "ತರಕಾರಿ ತರುವುದಕ್ಕೂ ಆಗಬೇಕು, ಬೆಟ್ಟ ಹತ್ತುವುದಕ್ಕೂ ಆಗಬೇಕು, ಬಸ್ಸಿನಷ್ಟು ದೊಡ್ಡದಿರಬಾರದು" ಎಂಬ ನಿನ್ನ ತಲೆಬರಹವನ್ನು ಓದಿ ಮೂರು ಕಡೆಯೂ ನಕ್ಕರು. ಗಾಡಿ ಓಡಿಸುವವರು ಯಾರು ಎಂದು ಎಲ್ಲರೂ ಕೇಳಿದರು. ನಮ್ಮಮ್ಮ ಸರ್ವೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದು ಈ ವರ್ಷ ನಿವೃತ್ತರಾದರು, ತಾವು ಬರೆದ ರಸ್ತೆಗಳಲ್ಲಿ ಮೂರು ತಿಂಗಳು ಒಬ್ಬರೇ ಓಡಾಡಿ ಬರಬೇಕಂತೆ ಎಂದು ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗುತ್ತಿತ್ತು. ಒಂದೇ ಉಸಿರಿಗೆ ಅಷ್ಟು ಮಾತು ನಾನು ಯಾವತ್ತು ಆಡಿದ್ದೇನೆ?

ಮೊದಲನೆಯದು ಬಿಳಿ ಗಾಡಿ. ನೋಡುವುದಕ್ಕೆ ಪೈಲ್ವಾನ. ಇಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತದೆಯೇ ಎಂದು ಮೆಲ್ಲಗೆ ಕೇಳಿದೆ. ನಾಲ್ಕೂ ತಿರುಗುತ್ತೆ ಮೇಡಂ, ಯಾಕೆ ಅನುಮಾನ, ಅಂದರು. ತಿರುಗದೆ ಏನು, ತಳ್ಳುಗಾಡಿಯದೂ ನಾಲ್ಕೂ ತಿರುಗುತ್ತದೆ. ಕಡೆಗೆ ಪುಸ್ತಕ ತೆರೆಸಿ ನೋಡಿದರೆ ಶಕ್ತಿಯೆಲ್ಲ ಮುಂದಿನ ಎರಡಕ್ಕೆ ಮಾತ್ರ. ಎಸ್‌ಯುವಿ ಎಂಬ ಹೆಸರಿದ್ದದ್ದೆಲ್ಲ ಫೋರ್ ವೀಲ್ ಡ್ರೈವ್ ಅಲ್ಲ ಎಂದು ಅವತ್ತು ಕಲಿತೆ.

ಎರಡನೆಯದು ಬೂದು ಬಣ್ಣದ್ದು. ಅಮ್ಮ, ನನಗೆ ಇದೇ ಸರಿ ಅನ್ನಿಸುತ್ತದೆ. ಕ್ಲಚ್ ಇಲ್ಲ, ಗೇರು ತಾನೇ ಬದಲಾಗುತ್ತದೆ. ಮುಂದಿನ ಚಕ್ರ ಜಾರಿದಾಗ ಹಿಂದಿನವಕ್ಕೂ ಶಕ್ತಿ ತಾನೇ ಹೋಗುತ್ತದಂತೆ, ನೀನು ಏನನ್ನೂ ಒತ್ತಬೇಕಾಗಿಲ್ಲ. ನೆಲದಿಂದ ಸೀಟಿನ ಎತ್ತರವನ್ನು ಟೇಪು ಹಿಡಿದು ಅಳೆದೆ, ನಿನ್ನ ಮಂಡಿಗೆ ತೊಂದರೆಯಿಲ್ಲ. ಹಿಂದಿನ ಸೀಟು ಮಡಚಿದರೆ ಮಲಗಲು ಆಗುತ್ತದೆಯೇ ಎಂದು ನೀನು ಕೇಳಿದ್ದೆಯಲ್ಲ, ಚಪ್ಪಲಿ ಬಿಟ್ಟು ಡಿಕ್ಕಿಯೊಳಗೆ ಹತ್ತಿ ಮಲಗಿಯೇ ನೋಡಿದೆ. ಟೈ ಕಟ್ಟಿಕೊಂಡಿದ್ದ ಮಾರಾಟದವರು ಬಂದು, ಮೇಡಂ ಹುಷಾರಾಗಿದ್ದೀರಾ, ನೀರು ತರಲಾ ಎಂದು ಕೇಳಿದರು. ಕಾಲು ಚಾಚಲು ಜಾಗವಿದೆ. ಲೋಟ ಇಡುವ ಗುಳಿ ಆರು ಇವೆ. ಎರಡು ಮುಂದೆ, ಎರಡು ಹಿಂದೆ, ಮುಂದಿನ ಎರಡು ಬಾಗಿಲಿಗೆ ಒಂದೊಂದು. ನಿನ್ನ ಚಹಾದ ಫ್ಲಾಸ್ಕನ್ನೂ ಇಟ್ಟು ನೋಡಿದೆ, ಅಲುಗಾಡಲಿಲ್ಲ. ಹಾಡು ಕೇಳಲು ಎಂಟು ಸ್ಪೀಕರು. ಮೈಲೇಜೂ ಒಳ್ಳೆಯದು.

ಮೂರನೆಯದು ಹಸಿರು ಗಾಡಿ. ಗಡುಸು, ಊರೊಳಗೆ ಒಗ್ಗುವುದಿಲ್ಲ, ಬಿಡು.

ಮನೆ ಸದ್ದಿಲ್ಲದೆ ಹಾಯಾಗಿದೆ. ಓದಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಪ್ರೆಸ್ಸಿನಲ್ಲಿ ಏಳನೇ ತರಗತಿಯ ವಿಜ್ಞಾನ ಪುಸ್ತಕದ ಕರಡು ತಿದ್ದುತ್ತಿದ್ದೇನೆ. ಮಧ್ಯಾಹ್ನ ಎಲ್ಲರೂ ಜೊತೆಗೆ ಕೂತು ಊಟ ಮಾಡುತ್ತೇವೆ. ನನ್ನ ಚಿಂತೆ ಮಾಡಬೇಡ.

ನಿನ್ನ
ಹೂಂಮರಿ


ತಂಗಿಯ ಮನೆಯಿಂದ,
೯ನೇ ತಾರೀಖು, ಭಾನುವಾರ

ನನ್ನ ಹೂಂಮರಿಗೆ,

ಕಾಗದ ಸಿಕ್ಕಿತು. ಹೂಂ ಅನ್ನುವ ಬಾಯಿಗೆ ಇಷ್ಟು ಉದ್ದದ ಕೈ ಎಲ್ಲಿಂದ ಬಂತೋ! ನಿನ್ನ ಚಿಕ್ಕಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನೀನು ಡಿಕ್ಕಿಯಲ್ಲಿ ಮಲಗಿದ್ದನ್ನು ಕೇಳಿ ನಕ್ಕೂ ನಕ್ಕೂ ಕೈ ನೋಯಿಸಿಕೊಂಡಳು. ಇವಳಿಗೆ ಒಂದು ಕೈ ಮುರಿದರೇನು, ಇನ್ನೊಂದು ಕೈಯ ತೋರುಬೆರಳು ಗಟ್ಟಿಯಾಗಿದೆ, ಅದರಿಂದಲೇ ನನ್ನನ್ನು ಮನೆ ತುಂಬ ಓಡಿಸುತ್ತಿದ್ದಾಳೆ. ಈ ವಯಸ್ಸಲ್ಲಿ ನಿಂಗ್ಯಾಕಕ್ಕಾ ಮಣ್ಣುದಾರಿ, ಡಾಂಬರು ಸಾಲದಾ, ಎಂದು ದಿನಕ್ಕೆರಡು ಸಲ ಕೇಳುತ್ತಾಳೆ. ಡಾಂಬರು ಹಾಕಿದ ರಸ್ತೆ ಬರೆಯುವಾಗ ಎರಡು ಗೆರೆ ಎಳೆದು ಮುಗಿಸುತ್ತಿದ್ದೆವು ಕಣೇ, ಮಣ್ಣುದಾರಿಗೆ ಮಾತ್ರ ಚುಕ್ಕಿ ಚುಕ್ಕಿ ಇಡಬೇಕಿತ್ತು, ಕೈ ಹೆಚ್ಚು ಹೊತ್ತು ಅಲ್ಲೇ ಇರುತ್ತಿತ್ತು ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನಿನಗೆ ಆಗುತ್ತದೆ.

ಈಗ ಗಾಡಿಯ ವಿಷಯ. ಬೂದು ಗಾಡಿಗೆ ಒಂದು ಪುಟ ತುಂಬ ಬರೆದಿದ್ದೀಯ. ಲೋಟದ ಗುಳಿ ಎಣಿಸಿದ್ದೀಯ. ಹಸಿರು ಗಾಡಿಗೆ ಒಂದು ಸಾಲು. ನಮ್ಮ ಕಚೇರಿಯಲ್ಲಿ ಯಾರಾದರೂ ನಕ್ಷೆ ಬರೆದ ಟ್ರೇಸಿಂಗ್ ಹಾಳೆ ತಂದು ಕೊಟ್ಟರೆ ನಾನು ಕಿಕ್ಕಿರಿದು ಬರೆದ ಮೂಲೆಯನ್ನು ನೋಡುತ್ತಲೇ ಇರಲಿಲ್ಲ. ಖಾಲಿ ಇದ್ದ ಮೂಲೆಗೆ ಬೆರಳಿಟ್ಟು, ಇಲ್ಲೇನಾಯಿತು ಎಂದು ಕೇಳುತ್ತಿದ್ದೆ. ಹತ್ತಕ್ಕೆ ಒಂಬತ್ತು ಸಲ, ಅಲ್ಲಿ ಏನಾದರೂ ಇದ್ದೇ ಇರುತ್ತಿತ್ತು. ಬರೆಯದೆ ಬಿಟ್ಟವರು ತಲೆ ತಗ್ಗಿಸುತ್ತಿದ್ದರು. ನೀನು ಕಾಗದದಲ್ಲಿ ತಲೆ ತಗ್ಗಿಸಿದ್ದು ನನಗೆ ಇಲ್ಲಿಗೆ ಕಾಣಿಸುತ್ತಿದೆ. ಅಲ್ಲೇನಾಯಿತು?

ಇನ್ನೊಂದು ಮಾತು, ಇದನ್ನು ಚಿಕ್ಕಮ್ಮನಿಗೆ ಓದಿ ಹೇಳುವುದಿಲ್ಲ. ನಿನ್ನನ್ನು ಜೊತೆಗೆ ಕರೆಯಲಿಲ್ಲ ಎಂದು ನಿನಗೆ ಬೇಜಾರಾಗಿರಬಹುದು. ಕರೆದರೆ ನೀನು ಮನಸ್ಸಿಲ್ಲದಿದ್ದರೂ ಹೂಂ ಅನ್ನುತ್ತೀಯ, ಅದೊಂದು ಕಾರಣ. ಇನ್ನೊಂದು ಕಾರಣ, ನನಗೆ ಒಬ್ಬಳೇ ಹೋಗಬೇಕು ಅಂತಲೇ ಆಸೆ. ನಿನಗೆ ಒಂಬತ್ತು ತುಂಬಿದಾಗಿನಿಂದ ನಾವಿಬ್ಬರೇ ಇದ್ದೇವೆ. ಅದರಲ್ಲಿ ಒಂದು ದಿನವೂ ಭಾರ ಅನ್ನಿಸಿಲ್ಲ. ಆದರೂ ಆಸೆ. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ ಮಗಳೇ.

ಸರಿಯಾಗಿ ಊಟ ಮಾಡು. ಬ್ರೆಡ್ಡು ಊಟವಲ್ಲ.

ಅಮ್ಮ


ಮನೆ,
೧೬ನೇ ತಾರೀಖು, ಭಾನುವಾರ ಮಧ್ಯಾಹ್ನ

ಅಮ್ಮಾ,

ನಿನ್ನ ಕಾಗದವನ್ನು ಪಾರ್ಕಿಂಗಿನಲ್ಲಿ, ನಮ್ಮ ಹಳೆಯ ಡಬ್ಬಿ ಕಾರಿನೊಳಗೆ ಕೂತು ಓದಿದೆ. ನೀನು ಹೋದ ಮೇಲೆ ನಾನು ದಿನಾ ಅಲ್ಲೇ ಕೂರುತ್ತೇನೆ. ಸಂಜೆ ಪ್ರೆಸ್ಸಿನಿಂದ ಬಂದು ಬ್ರೆಡ್ಡನ್ನು ಅದರಲ್ಲೇ ತಿಂದು ಮೇಲೆ ಹೋಗುತ್ತೇನೆ. ಮನೆಯಲ್ಲಿ ಎರಡು ಕುರ್ಚಿಗಳ ಮುಂದೆ ಒಬ್ಬಳೇ ತಿನ್ನುವುದಕ್ಕಿಂತ, ಕಾರಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ ಯಾರೋ ಈಗ ಬರುತ್ತಾರೆ ಅನ್ನಿಸುತ್ತದೆ. ವಾಚ್‌ಮನ್ ಮೊದಲೆರಡು ದಿನ ಬಂದು, ಗಾಡಿ ಸ್ಟಾರ್ಟ್ ಆಗ್ತಿಲ್ವಾ, ತಳ್ಳಬೇಕಾ ಎಂದು ಕೇಳಿದ. ಈಗ ಕೈ ಎತ್ತಿ ಮುಂದೆ ಹೋಗುತ್ತಾನೆ.

ಪ್ರೆಸ್ಸಿನ ಊಟದ ಮಾತೂ ಸುಳ್ಳು. ಅವರು ನಾಲ್ವರು ಒಂದು ಮೇಜಿಗೆ ಕೂರುತ್ತಾರೆ, ನಾನು ಕರಡಿನ ಕಟ್ಟಿನ ಜೊತೆ ಕಿಟಕಿಯ ಪಕ್ಕ ಕೂರುತ್ತೇನೆ. ಅವರೇನೂ ಕೆಟ್ಟವರಲ್ಲ. ಬನ್ನಿ ಅಂತಲೂ ಒಮ್ಮೆ ಕರೆದಿದ್ದರು, ಕೆಲಸವಿದೆ ಅಂದುಬಿಟ್ಟೆ. ಎರಡನೇ ಸಲ ಕರೆಯಲಿಲ್ಲ. ಮೊದಲು ನಾನು ಕರಡನ್ನು ಗಟ್ಟಿಯಾಗಿ ಓದುತ್ತಿದ್ದೆ, ಎದುರಿಗೆ ಮೂಲಪ್ರತಿ ಹಿಡಿದುಕೊಂಡು ಮುದುಕರೊಬ್ಬರು ಹೊಂದಿಸಿ ನೋಡುತ್ತಿದ್ದರು. ಅವರು ಕೆಲಸ ಬಿಟ್ಟ ಮೇಲೆ ಓದುವವಳೂ ನಾನೇ, ಕೇಳುವವಳೂ ನಾನೇ. ಇಡೀ ದಿನದಲ್ಲಿ ನನ್ನ ದನಿಯನ್ನು ನಾನು ಕೇಳಿಸಿಕೊಳ್ಳುತ್ತಿದ್ದದ್ದು ಮನೆಗೆ ಬಂದು ನಿನ್ನ ಹತ್ತಿರ ಹೂಂ ಅನ್ನುವಾಗ. ಅದನ್ನು ನೀನು ಮೊಳೆ ಹೊಡೆದ ಹಾಗೆ ಅಂದೆ. ನನಗೆ ಅದೇ ಮಾತುಕತೆಯಾಗಿತ್ತು ಅಮ್ಮ.

ಖಾಲಿ ಮೂಲೆಯಲ್ಲಿ ಏನಾಯಿತು ಎಂದು ಕೇಳಿದ್ದೀಯ. ಬೂದು ಗಾಡಿಯಿಂದಲೇ ಶುರುಮಾಡಬೇಕು. ಆ ಟೈ ಕಟ್ಟಿದವರು ನನ್ನನ್ನು ಶೋರೂಮಿನ ಹಿಂದೆ, ಮನೆ ಕಟ್ಟಲು ಜಲ್ಲಿ ಸುರಿದಿದ್ದ ಸೈಟಿಗೆ ಕರೆದುಕೊಂಡು ಹೋದರು. ಹುಲ್ಲು, ಕೆಸರು ಎಲ್ಲ ದಾಟಿತು. ಜಲ್ಲಿಯ ದಿಬ್ಬದಲ್ಲಿ ಒಂದು ಚಕ್ರ ಗಾಳಿಗೆ ಎದ್ದ ಕೂಡಲೇ ಗಾಡಿ ನಿಂತಿತು. ಆ ಚಕ್ರ ಸುಮ್ಮನೆ ಗಿರಗಿರ ತಿರುಗಿತು, ಸುಟ್ಟ ವಾಸನೆ ಬಂತು. ಅವರು ಕರವಸ್ತ್ರದಿಂದ ಹಣೆ ಒರೆಸಿಕೊಂಡು, ಇಂಥ ಕಡೆಗೆಲ್ಲ ಯಾರು ಹೋಗ್ತಾರೆ ಹೇಳಿ ಮೇಡಂ, ಅರ್ಧ ದಾರೀಲೇ ವಾಪಸ್ ಬಂದ್ಬಿಡ್ತಾರೆ, ಅಂದರು.

ಆ ಮಾತು ಕೇಳಿ ನನಗೆಷ್ಟು ಖುಷಿಯಾಯಿತು ಗೊತ್ತಾ? ಅರ್ಧ ದಾರಿಯಿಂದ ಅಮ್ಮ ವಾಪಸ್ ಬರುತ್ತಾಳೆ. ಮೂರು ತಿಂಗಳು ಅಂದದ್ದು ಮೂರು ವಾರವಾಗುತ್ತದೆ. ಅಲ್ಲಿಂದ ಹಸಿರು ಗಾಡಿಯ ಶೋರೂಮಿಗೆ ಹೋದಾಗ ನಾನು ಆಗಲೇ ತೀರ್ಮಾನ ಮಾಡಿಯಾಗಿತ್ತು. ಐದು ನಿಮಿಷ ಅದರ ಸೀಟಿನಲ್ಲಿ ಕೂತೆ. ಗೇರಿನ ಪಕ್ಕ ಇನ್ನೊಂದು ಸಣ್ಣ ಗೇರು, ಗಡುಸಾದ ಬಾಗಿಲು, ಮೂಗು ಮೊಂಡು. ನೀನು ಇದರಲ್ಲಿ ಕೂತರೆ ಇಳಿಯುವುದೇ ಇಲ್ಲ ಅನ್ನಿಸಿತು. ಟೆಸ್ಟ್ ಡ್ರೈವ್ ಬೇಡ ಎಂದು ಎದ್ದು ಬಂದೆ. ಅಮ್ಮ, ನಾನು ನಿನಗಾಗಿ ಒಳ್ಳೆಯ ಗಾಡಿ ಹುಡುಕಲಿಲ್ಲ, ಬೇಗ ಸೋಲುವ ಗಾಡಿ ಹುಡುಕಿದೆ.

ನಿನ್ನೆ ಹಸಿರು ಗಾಡಿಯ ಶೋರೂಮಿಗೆ ಮತ್ತೆ ಹೋದೆ. ಅಲ್ಲಿ ಗಾಡಿ ಓಡಿಸಿ ತೋರಿಸುವವರು ಒಬ್ಬ ಹೆಂಗಸು, ನಲವತ್ತೈದು ಇರಬಹುದು, ಎಲ್ಲರೂ ಟ್ರ್ಯಾಕ್ ಅಕ್ಕ ಅನ್ನುತ್ತಾರೆ. ಮೊದಲು ಹನ್ನೆರಡು ವರ್ಷ ಬೆಟ್ಟದ ಕಡೆ ಆಂಬುಲೆನ್ಸ್ ಓಡಿಸುತ್ತಿದ್ದರಂತೆ. ಹಿಂದೆ ಕೂತವರು ಯಾರೂ ನನ್ನ ಡ್ರೈವಿಂಗ್ ಹೊಗಳಲಿಲ್ಲ ಕಣಮ್ಮ, ಎಲ್ಲ ಮಲಗಿರ್ತಿದ್ರು, ಎಂದು ತಾವೇ ನಕ್ಕರು. ಹಿತ್ತಲಿನಲ್ಲಿ ಮಣ್ಣು ಸುರಿದು ಮಾಡಿದ ಏರಿಳಿತದ ದಾರಿಯಿದೆ, ಅದೇ ಅವರ ಟ್ರ್ಯಾಕು. ನನ್ನನ್ನೇ ಸ್ಟಿಯರಿಂಗಿಗೆ ಕೂರಿಸಿದರು. ದಿಬ್ಬದ ತುದಿಯಲ್ಲಿ ಗಾಜಿನ ತುಂಬ ಆಕಾಶ, ನೆಲವೇ ಇಲ್ಲ. ಬ್ರೇಕ್ ಮೇಲಿಂದ ಕಾಲು ತೆಗಿ ಅಂದರು. ತೆಗೆಯಲಿಲ್ಲ. ನನ್ನ ಮುಖ ಯಾಕೆ ನೋಡ್ತೀಯಾ, ನಾನೇನು ರಸ್ತೇನಾ, ಕಾಲು ತೆಗಿ, ಅಂದರು. ತೆಗೆದೆ. ಗಾಡಿ ತಾನೇ ಹಿಡಿದು ಹಿಡಿದು, ಮನುಷ್ಯರು ನಡೆಯುವ ವೇಗದಲ್ಲಿ ಕೆಳಗಿಳಿಯಿತು. ಮುಂದಿನ ಏರಿನಲ್ಲಿ ಎರಡು ಚಕ್ರ ಗಾಳಿಯಲ್ಲಿದ್ದಾಗಲೂ ಉಳಿದೆರಡು ನೆಲ ಕಚ್ಚಿ ಹತ್ತಿಸಿದವು. ನಾನು ಕಿರುಚಿದೆ. ಹೆದರಿಕೆಗಲ್ಲ.

ಆಮೇಲೆ ಅವರಿಗೆ ಬೂದು ಗಾಡಿಯ ವಿಷಯ ಹೇಳಿದೆ. ಅಮ್ಮ ಸುಮ್ಮನೆ ಅರ್ಧ ದಾರಿಯಿಂದ ತಿರುಗಿ ಬಂದರಾಯಿತಲ್ಲ, ಅಂದೆ. ಅವರು ನನ್ನನ್ನೇ ನೋಡಿದರು. ತಿರುಗಿಸೋಕೆ ಜಾಗ ಎಲ್ಲಿರುತ್ತಮ್ಮ, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ, ಫೋನೂ ಸಿಗಲ್ಲ, ಅಂಥ ಕಡೆ ನಿಂತುಹೋದ ಗಾಡಿಯಿಂದ ಎಷ್ಟು ಜನರನ್ನ ಇಳಿಸಿಕೊಂಡು ಬಂದಿದ್ದೀನಿ, ಎಲ್ಲರೂ ಮಾತಾಡೋ ಸ್ಥಿತೀಲಿ ಇರ್ತಿರಲಿಲ್ಲ, ಅಂದರು. ನಾನು ಗಾಡಿಯಿಂದ ಇಳಿದು ಸ್ವಲ್ಪ ಹೊತ್ತು ಅಲ್ಲೇ ಮಣ್ಣಿನ ಮೇಲೆ ಕೂತೆ. ನೀನು ಮನೆಗೆ ಬರುವುದನ್ನು ಮಾತ್ರ ನಾನು ಊಹಿಸಿಕೊಂಡಿದ್ದೆ. ನೀನು ಅಲ್ಲಿ, ಸುಟ್ಟ ವಾಸನೆಯ ಗಾಡಿಯಲ್ಲಿ, ಒಬ್ಬಳೇ ಕೂತಿರುವುದು ನನಗೆ ಹೊಳೆದೇ ಇರಲಿಲ್ಲ. ಇಷ್ಟೊಂದು ಕಥೆ ಓದಿದವಳಿಗೆ ಇಷ್ಟು ಹೊಳೆಯಲಿಲ್ಲ ನೋಡು.

ಈಗ ಹಸಿರು ಗಾಡಿಯನ್ನು ಸರಿಯಾಗಿ ಬರೆಯುತ್ತೇನೆ, ಪಟ್ಟಿಗೆ ಹೊಂದಿಸಿಕೊ. ಊರೊಳಗೆ ಒಗ್ಗುವುದಿಲ್ಲ ಎಂದದ್ದು ಸುಳ್ಳು. ದಿನನಿತ್ಯಕ್ಕೆ ಎರಡೇ ಚಕ್ರದ ಶಕ್ತಿಯಲ್ಲಿ ಓಡುತ್ತದೆ, ಬೇಕಾದಾಗ ಸಣ್ಣ ಗೇರು ಎಳೆದರೆ ನಾಲ್ಕಕ್ಕೂ ಬರುತ್ತದೆ. ಟ್ರ್ಯಾಕ್ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರ್ಕೆಟ್ ರಸ್ತೆಯಲ್ಲಿ, ಸಂಜೆಯ ಜಂಗುಳಿಯಲ್ಲೇ, ನಮ್ಮ ಪಾರ್ಕಿಂಗಿನ ತನಕ ಓಡಿಸಿದೆ. ಉದ್ದದಲ್ಲಿ ಬೂದು ಗಾಡಿಗಿಂತ ಒಂದು ಗೇಣು ಕಡಿಮೆ. ಡಬ್ಬಿ ಕಾರನ್ನು ಹೊರಗಿಟ್ಟ ಮೇಲೆ ಕಂಬ ಮತ್ತು ಗೋಡೆಯ ನಡುವೆ ಎರಡನೇ ಸಲಕ್ಕೆ ಸರಿಯಾಗಿ ನಿಂತಿತು. ಹಳ್ಳ ದಿಣ್ಣೆ ಬೆನ್ನಿಗೆ ಗೊತ್ತಾಗುತ್ತದೆ. ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಸೀಟು ಎತ್ತರ, ನಿನ್ನ ಮಂಡಿಗೆ ಕಷ್ಟ, ಕಾಲಿಡುವ ಪಟ್ಟಿಯನ್ನು ಬೇರೆಯಾಗಿ ಹಾಕಿಸಬೇಕು. ಸ್ಟೆಪ್ನಿ ಹಿಂದಿನ ಬಾಗಿಲಿಗಿದೆ, ಅದನ್ನು ನಾನೊಬ್ಬಳೇ ಬಿಚ್ಚಿ ಹಾಕಿದೆ. ನನಗಾದರೆ ನಿನಗೆ ಆರಾಮಾಗಿ ಆಗುತ್ತದೆ. ಸೀಟು ಮಡಚಿದರೆ ಒಬ್ಬರು ಮಲಗಬಹುದು. ಒಬ್ಬರೇ. ಟೇಪು ಹಿಡಿದು ಎರಡು ಸಲ ಅಳೆದೆ.

ನಿನ್ನ ಹೆಸರಿನಲ್ಲಿ ಬುಕಿಂಗ್ ಬರೆಸಿ ಬಂದಿದ್ದೇನೆ, ಬೇಡವಾದರೆ ಒಂದು ಫೋನ್ ಮಾಡಿದರೆ ಸಾಕು. ಇದೇ ಗಾಡಿ ತೆಗೆದುಕೋ ಅಮ್ಮ. ಚುಕ್ಕಿ ಚುಕ್ಕಿಯ ರಸ್ತೆಗಳು ಮುಗಿಯುವ ತನಕ ಹೋಗು. ಬೇಜಾರಿಲ್ಲ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಬೇಜಾರಿದೆ. ಇದ್ದರೂ ಹೋಗು.

ಚಿಕ್ಕಮ್ಮನ ಕೈ ಬೇಗ ವಾಸಿಯಾಗಲಿ.

ನಿನ್ನ
ಹೂಂಮರಿ

ಮರೆತ ಮಾತು: ಗಾಡಿಯನ್ನು ಮುಂದಿನ ತಿಂಗಳ ಮೊದಲ ಭಾನುವಾರ ಮನೆ ಬಾಗಿಲಿಗೇ ತಂದು ಕೊಡುತ್ತೇವೆ ಅಂದಿದ್ದರು. ನಾನು ಅದನ್ನು ಅದರ ನಂತರದ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬದಲಾಯಿಸಿದೆ. ಆ ಹೊತ್ತಿಗೆ ನಾನು ಪ್ರೆಸ್ಸಿನಲ್ಲಿರುತ್ತೇನೆ. ನೀನು ಬೀಗದ ಕೈ ತೆಗೆದುಕೊಂಡು ಅವತ್ತೇ ಹೊರಡು, ನನಗಾಗಿ ಕಾಯಬೇಡ. ಭಾನುವಾರವಾದರೆ ನಾನು ಮನೆಯಲ್ಲಿರುತ್ತೇನೆ, ಎದುರಿಗಿದ್ದರೆ ಹೋಗಬೇಡ ಅಂದುಬಿಡುತ್ತೇನೆ. ನಾನು ಹಾಗೆ ಅಂದರೆ ನೀನು ಹೋಗುವುದಿಲ್ಲ.